ಹೊರು, ಭಾರ, ಫೆರೊ: ಒಂದು ಗ್ರೀಕ್ ಬೇರು ಹೊತ್ತು ತಂದ ಪದಗಳು

ಕನ್ನಡದಲ್ಲಿ ‘ಹೊರು’ ಅನ್ನುವ ಮಾತಿಗೆ ತುಂಬ ಕೆಲಸ. ಸೌದೆ ಹೊರುತ್ತೇವೆ, ಮೂಟೆ ಹೊರುತ್ತೇವೆ. ಹೊಣೆ ಹೊರುತ್ತೇವೆ, ಹರಕೆ ಹೊರುತ್ತೇವೆ. ಇನ್ನೊಬ್ಬರ ಮೇಲೆ ತಪ್ಪು ಹೊರಿಸುತ್ತೇವೆ. ತಾಯಿಯನ್ನು ನೆನೆಯುವಾಗ ‘ಹೊತ್ತು ಹೆತ್ತವಳು’ ಅನ್ನುತ್ತೇವೆ. ತಲೆಯ ಮೇಲಿನ ಮೂಟೆಯಿಂದ ಹೊರಟ ಮಾತು ಹೊಟ್ಟೆಯೊಳಗಿನ ಮಗುವಿನವರೆಗೂ ಬಂದಿದೆ, ಅಲ್ವಾ?

ಹಳೆಯ ಗ್ರೀಕರಿಗೂ ಇಂಥದ್ದೇ ಒಂದು ಮಾತಿತ್ತು. ಫೆರೊ. ‘ನಾನು ಹೊರುತ್ತೇನೆ’ ಅಂತ ಅರ್ಥ. ತರುವುದು, ಸಾಗಿಸುವುದು, ತಾಳಿಕೊಳ್ಳುವುದು, ಎಲ್ಲಕ್ಕೂ ಅದೇ. ಪದದ ಕೊನೆಗೆ ‘ಫೊರೊಸ್’ ಅಂತ ಸೇರಿದರೆ ‘ಹೊರುವವನು, ತರುವವನು’ ಎಂದಾಗುತ್ತದೆ. ಈ ಒಂದು ಬೇರಿನಿಂದ ಇಂಗ್ಲಿಷಿಗೆ ಬಂದ ಪದಗಳು ಹತ್ತಾರು. ಮೆಟಫರ್, ಫಾಸ್ಫರಸ್, ಫೆರೊಮೋನ್, ಯೂಫೋರಿಯಾ, ಪೆರಿಫೆರಿ, ಸೆಮಾಫೋರ್, ಪ್ಯಾರಾಫರ್ನೇಲಿಯಾ. ಮೇಲೆ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದು ಕಾವ್ಯದ್ದು, ಒಂದು ಗೊಬ್ಬರದ್ದು, ಒಂದು ಹುಳುವಿನದು, ಒಂದು ರೈಲಿನದು. ಓದುವ ಕಾಲದಲ್ಲಿ ನಾನು ಇವನ್ನೆಲ್ಲ ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದ್ದೆ. ಒಳಗೆ ಕೂತಿರುವ ‘ಫೆರ್’, ‘ಫೊರ್’ ಕಣ್ಣಿಗೆ ಬಿದ್ದ ಮೇಲೆ ಬಾಯಿಪಾಠ ಬೇಕಾಗಲಿಲ್ಲ.

ಮೆಟಫರ್‌ನಿಂದ ಶುರು ಮಾಡೋಣ. ಈಗಿನ ಗ್ರೀಸ್ ದೇಶದ ರಸ್ತೆಗಳಲ್ಲಿ ಮನೆ ಸಾಮಾನು ಸಾಗಿಸುವ ಲಾರಿಗಳ ಮೇಲೆ ‘ಮೆತಫೊರೆಸ್’ ಎಂದು ಬರೆದಿರುತ್ತದೆ. ಸಾಗಣೆ ಅಂತ ಅರ್ಥ, ಅಷ್ಟೇ. ‘ಮೆತ’ ಅಂದರೆ ಇಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ. ‘ಫೊರ’ ಅಂದರೆ ಹೊರುವುದು. ಒಂದು ವಸ್ತುವಿಗೆ ಸೇರಿದ ಹೆಸರನ್ನು ಇನ್ನೊಂದಕ್ಕೆ ಕೊಡುವುದೇ ಮೆಟಫರ್ ಅಂತ ಅರಿಸ್ಟಾಟಲ್ ವಿವರಿಸಿದ. ನಾವು ರೂಪಕ ಅನ್ನುವುದು ಇದನ್ನೇ. ‘ಮಗಳು ಮನೆಯ ನಂದಾದೀಪ’ ಅಂದಾಗ ದೇವರ ಮುಂದೆ ಉರಿಯುವ ದೀಪದ ಹೆಸರನ್ನು ಎತ್ತಿ ಮಗಳ ಮೇಲೆ ಇಟ್ಟೆವು. ಹೆಸರು ಮನೆ ಬದಲಾಯಿಸಿತು.

ಇದೇ ಮಾತನ್ನು ಲ್ಯಾಟಿನ್ ಭಾಷೆಯವರು ತಮ್ಮದೇ ರೀತಿಯಲ್ಲಿ ಕಟ್ಟಿದರು. ಗ್ರೀಕಿನ ‘ಮೆತ’ ಇದ್ದ ಜಾಗಕ್ಕೆ ‘ಟ್ರಾನ್ಸ್’ ಬಂತು. ಲ್ಯಾಟಿನ್‌ನಲ್ಲೂ ‘ಹೊರುತ್ತೇನೆ’ ಅನ್ನುವುದಕ್ಕೆ ‘ಫೆರೊ’ ಅಂತಲೇ ಹೇಳುತ್ತಾರೆ. ಎರಡನ್ನೂ ಕೂಡಿಸಿದರೆ ಟ್ರಾನ್ಸ್‌ಫರ್! ‘ಅವರಿಗೆ ಬೀದರಿಗೆ ಟ್ರಾನ್ಸ್‌ಫರ್ ಆಯ್ತಂತೆ’ ಅನ್ನುವಾಗ ನಾವು ಆಡುವ ಪದ ಮತ್ತು ಕವಿಗಳ ಮೆಟಫರ್, ಕಟ್ಟಡದಲ್ಲಿ ಒಂದೇ. ಲ್ಯಾಟಿನ್ ಫೆರೊದಿಂದ ಬಂದ ಇನ್ನಷ್ಟು ಪದಗಳು ದಿನವೂ ನಮ್ಮ ಬಾಯಲ್ಲಿವೆ. ಆಫರ್ ಅಂದರೆ ಎದುರಿಗೆ ತಂದಿಡುವುದು. ಕಾನ್ಫರೆನ್ಸ್ ಅಂದರೆ ಮಾತುಗಳನ್ನು ಒಂದೆಡೆ ತಂದು ಸೇರಿಸುವುದು. ಸಫರ್ ಅಂದರೆ ಅಡಿಯಲ್ಲಿ ನಿಂತು ಹೊರುವುದು. ಕಷ್ಟ ಪಡುವುದಕ್ಕೆ ಇದಕ್ಕಿಂತ ಸರಿಯಾದ ಚಿತ್ರ ನನಗೆ ಹೊಳೆಯುವುದಿಲ್ಲ.

ಗ್ರೀಕಿಗೂ ಲ್ಯಾಟಿನ್‌ಗೂ ಒಂದೇ ಮಾತು ಹೇಗೆ ಬಂತು? ಒಂದರಿಂದ ಇನ್ನೊಂದು ಎರವಲು ಪಡೆಯಲಿಲ್ಲ. ಇಬ್ಬರಿಗೂ ಒಂದೇ ಹಿರಿಯರಿಂದ ಬಂತು. ಆ ಹಿರಿಯರ ಇನ್ನೊಂದು ಮನೆ ನಮಗೆ ತೀರ ಹತ್ತಿರದ್ದು: ಸಂಸ್ಕೃತ. ‘ನಾನು ಹೊರುತ್ತೇನೆ’ ಅನ್ನುವುದಕ್ಕೆ ಸಂಸ್ಕೃತದಲ್ಲಿ ಭರಾಮಿ, ಗ್ರೀಕಿನಲ್ಲಿ ಫೆರೊ, ಲ್ಯಾಟಿನ್‌ನಲ್ಲಿ ಫೆರೊ. ‘ಅವರು ಹೊರುತ್ತಾರೆ’ ಅನ್ನುವುದಕ್ಕೆ ಸಂಸ್ಕೃತದಲ್ಲಿ ಭರಂತಿ, ಗ್ರೀಕಿನ ಡೋರಿಕ್ ಎಂಬ ಒಳನುಡಿಯಲ್ಲಿ ಫೆರೊಂತಿ, ಲ್ಯಾಟಿನ್‌ನಲ್ಲಿ ಫೆರುಂಟ್. ಭರಂತಿ, ಫೆರೊಂತಿ, ಫೆರುಂಟ್. ಜೋರಾಗಿ ಒಮ್ಮೆ ಹೇಳಿ ನೋಡಿ. ಬೇರು ಮಾತ್ರ ಹೋಲುವುದಲ್ಲ, ಬಾಲವೂ ಹೋಲುತ್ತದೆ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಭಾಷಣ ಮಾಡುತ್ತ, ಈ ಮೂರೂ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಎಂದು ಹೇಳಿದ್ದು ಇಂಥ ಹೋಲಿಕೆಗಳನ್ನು ಕಂಡೇ.

ಸಂಸ್ಕೃತದ ಆ ‘ಭೃ’ ಧಾತು ಕನ್ನಡಕ್ಕೆ ಯಾವಾಗಲೋ ಬಂದು ನಮ್ಮದೇ ಆಗಿದೆ. ಭಾರ, ಖರ್ಚು ಭರಿಸು, ಮೈಮೇಲೆ ಹೊರುವ ಆಭರಣ. ಹೆಂಡತಿಯನ್ನು ಸಾಕುವವನು ಎಂಬ ಅರ್ಥದಲ್ಲಿ ಗಂಡ ಭರ್ತಾ. ಯಜಮಾನ ಸಾಕಬೇಕಾದವನು ಭೃತ್ಯ. ಎಲ್ಲರನ್ನೂ ಹೊತ್ತಿರುವ ಭೂಮಿ ವಿಶ್ವಂಭರೆ.

ಈಗ ಒಂದು ಪ್ರಶ್ನೆ ಬರಬೇಕು. ಸಂಸ್ಕೃತದಲ್ಲಿ ಭ, ಗ್ರೀಕಿನಲ್ಲಿ ಫ. ಸುಮ್ನೆ ಹತ್ತಿರದ ಸದ್ದು ಅಂತ ಒಪ್ಪಿಕೊಳ್ಳಬೇಕೇ? ಬೇಡ. ಇಲ್ಲಿ ಒಂದು ನಿಯಮ ಇದೆ. ಅದನ್ನು ತಿಳಿಯುವುದಕ್ಕೆ ಕನ್ನಡ ಓದುವವರಿಗೆ ಒಂದು ದೊಡ್ಡ ಅನುಕೂಲವೂ ಇದೆ: ನಮ್ಮ ವರ್ಗಾಕ್ಷರ.

ಪ ಫ ಬ ಭ ಮ. ಈ ಸಾಲನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಹಳೆಯ ಗ್ರೀಕಿನ ಆ ಅಕ್ಷರದ ಉಚ್ಚಾರ ಇಂಗ್ಲಿಷಿನ ‘ಫ್ಯಾನ್’ ಎಂಬಲ್ಲಿ ಬರುವಂತೆ ತುಟಿಗೆ ಹಲ್ಲು ತಾಗಿಸಿ ಊದುವುದಾಗಿರಲಿಲ್ಲ. ‘ಫಲ’ ಎಂಬುದನ್ನು ಮೇಷ್ಟರು ಸರಿಯಾಗಿ ಹೇಳಿಕೊಡುತ್ತಾರಲ್ಲ, ಆ ಮಹಾಪ್ರಾಣದ ಫ. ಪಕಾರದ ಹಿಂದೆ ಉಸಿರು ಒತ್ತಿದ್ದು. ಊದುವ ಉಚ್ಚಾರ ಗ್ರೀಕರಿಗೆ ಆಮೇಲೆ ಬಂತು. ಮೂಲ ಭಾಷೆಯಲ್ಲಿ ಇದ್ದದ್ದು ಭ. ಸಂಸ್ಕೃತ ಅದನ್ನು ಹಾಗೇ ಉಳಿಸಿಕೊಂಡಿತು. ಗ್ರೀಕ್ ಮಹಾಪ್ರಾಣ ಉಳಿಸಿಕೊಂಡು ಘೋಷ, ಅಂದರೆ ಗಂಟಲಿನ ನಾದ, ಬಿಟ್ಟಿತು, ಭ ಹೋಗಿ ಫ ಆಯಿತು. ಇಂಗ್ಲಿಷಿನ ಪೂರ್ವಜ ಭಾಷೆ ಘೋಷ ಉಳಿಸಿಕೊಂಡು ಮಹಾಪ್ರಾಣ ಬಿಟ್ಟಿತು, ಭ ಹೋಗಿ ಬ ಆಯಿತು. ಲ್ಯಾಟಿನ್‌ನಲ್ಲಿ ಪದದ ಮೊದಲ ಭ ಊದುವ ಫ ಆಯಿತು.

ಒಂದು ಪದದಲ್ಲಿ ಹೀಗಾದರೆ ಆಕಸ್ಮಿಕ ಅನ್ನಬಹುದು. ಸಾಲಾಗಿ ಆದರೆ? ಅಣ್ಣತಮ್ಮನಿಗೆ ಸಂಸ್ಕೃತದಲ್ಲಿ ಭ್ರಾತೃ, ಗ್ರೀಕಿನಲ್ಲಿ ಫ್ರಾತೇರ್, ಲ್ಯಾಟಿನ್‌ನಲ್ಲಿ ಫ್ರಾಟೆರ್, ಇಂಗ್ಲಿಷಿನಲ್ಲಿ ಬ್ರದರ್. ಆಗು, ಇರು ಎಂಬ ಅರ್ಥದಲ್ಲಿ ಸಂಸ್ಕೃತದ ಭೂ, ಗ್ರೀಕಿನ ಫು, ಇಂಗ್ಲಿಷಿನ ಬಿ. ಭೂತಕಾಲದ ‘ಭೂ’ ಮತ್ತು ಫಿಸಿಕ್ಸ್‌ನ ‘ಫಿ’ ಬಳಗದವು ಅಂತ ಗೊತ್ತಾದ ದಿನ ನನಗಾದ ಖುಷಿ ಇನ್ನೂ ನೆನಪಿದೆ. ಇದೇ ನಿಯಮದಂತೆ ನೋಡಿದರೆ ಇಂಗ್ಲಿಷಿಗೂ ತನ್ನದೇ ಆದ ‘ಹೊರು’ ಇರಬೇಕು, ಅದು ಬಕಾರದಿಂದ ಶುರುವಾಗಬೇಕು. ಇದೆ: ಬೇರ್. ಹೊರು, ತಾಳು, ಹೆರು, ಮೂರೂ ಅರ್ಥ ಅದಕ್ಕಿದೆ. ಹುಟ್ಟಿಗೆ ಹೇಳುವ ಬರ್ತ್ ಅದರ ಮಗು. ನಮ್ಮ ಅಜ್ಜಿಯರ ‘ಹೊತ್ತು ಹೆತ್ತ’ ಎಂಬ ಜೋಡಿ ಅಲ್ಲಿ ಒಂದೇ ಪದದಲ್ಲಿ ಅಡಗಿದೆ. ಇಂಥ ಬದಲಾವಣೆಗಳನ್ನು ಒಂದು ಕಟ್ಟಾಗಿ 1822ರಲ್ಲಿ ಬರೆದಿಟ್ಟವನು ಜರ್ಮನಿಯ ಯಾಕೋಬ್ ಗ್ರಿಮ್. ತಮ್ಮನ ಜೊತೆ ಸೇರಿ ಜನಪದ ಕಥೆಗಳನ್ನು ಕೂಡಿಹಾಕಿದ ಗ್ರಿಮ್ ಅವನೇ.

ನಿಯಮ ಕೈಗೆ ಸಿಕ್ಕಿತಲ್ಲ, ಫಾಸ್ಫರಸ್ ಬಿಡಿಸಿ ನೋಡೋಣ. ಫೋಸ್ ಅಂದರೆ ಬೆಳಕು. ಫೋಟೋದ ಫೋ ಅದೇ. ಫೊರೊಸ್ ಅಂದರೆ ತರುವವನು. ಬೆಳಕು ತರುವವನು. ಎರಡೂ ಫಕಾರಗಳನ್ನು ಭಕಾರಕ್ಕೆ ತಿರುಗಿಸಿ. ಬೆಳಕಿಗೆ ಸಂಸ್ಕೃತದಲ್ಲಿ ಭಾ, ಭಾಸ್ಕರ ಮತ್ತು ಪ್ರಭೆಯಲ್ಲಿರುವ ಭಾ. ಹೊರುವುದಕ್ಕೆ ಭರ. ಪದದ ಎರಡು ತುಂಡುಗಳೂ ನಮ್ಮಲ್ಲಿವೆ!

ಗ್ರೀಕರಿಗೆ ಫಾಸ್ಫೊರೊಸ್ ಅಂದರೆ ಮೊದಲು ನೆನಪಾಗುತ್ತಿದ್ದದ್ದು ಒಂದು ಚುಕ್ಕಿ. ಬೆಳಗಿನ ಜಾವ ಪೂರ್ವದಲ್ಲಿ ಕಾಣುವ ಶುಕ್ರ. ನಮ್ಮ ಹಳ್ಳಿಗಳಲ್ಲಿ ‘ಬೆಳ್ಳಿ ಮೂಡಿತು, ಏಳಿ’ ಅನ್ನುತ್ತಿದ್ದರಲ್ಲ, ಅದೇ ಬೆಳ್ಳಿ. ಲ್ಯಾಟಿನ್‌ನವರು ಈ ಹೆಸರನ್ನೂ ತುಂಡು ತುಂಡಾಗಿ ಅನುವಾದ ಮಾಡಿಕೊಂಡರು. ಬೆಳಕಿಗೆ ಲೂಕ್ಸ್, ತರುವುದಕ್ಕೆ ಫೆರೊ. ಲೂಸಿಫರ್. ಬೈಬಲ್ಲಿನ ಲ್ಯಾಟಿನ್ ಅನುವಾದದಲ್ಲಿ, ಬಿದ್ದುಹೋದ ಬೆಳಗಿನ ಚುಕ್ಕಿಯ ಬಗ್ಗೆ ಇರುವ ಒಂದು ಸಾಲಿಗೆ ಈ ಪದ ಬಂತು. ಮುಂದೆ ಕ್ರೈಸ್ತರು ಆ ಸಾಲನ್ನು ಸೈತಾನನ ಕಥೆಯಾಗಿ ಓದಿದರು. ಬೆಳಕು ತರುವ ಚುಕ್ಕಿಗೆ ಸೈತಾನನ ಹೆಸರು ಅಂಟಿದ್ದು ಹೀಗೆ. ಪಾಪ, ಚುಕ್ಕಿಯ ತಪ್ಪೇನೂ ಇಲ್ಲ.

ಮೂಲವಸ್ತುವಿಗೆ ಈ ಹೆಸರು ಬಂದದ್ದು ಬೇರೆ ದಾರಿಯಲ್ಲಿ. 1669ರಲ್ಲಿ ಹ್ಯಾಂಬರ್ಗ್ ಊರಿನ ಹೆನ್ನಿಗ್ ಬ್ರಾಂಡ್ ಚಿನ್ನ ಮಾಡುವ ಆಸೆಯಿಂದ ರಾಶಿ ರಾಶಿ ಮೂತ್ರ ಕಾಯಿಸಿ ಬತ್ತಿಸುತ್ತಿದ್ದ. ಚಿನ್ನ ಸಿಗಲಿಲ್ಲ. ಕತ್ತಲಲ್ಲಿ ತಾನೇ ಹೊಳೆಯುವ ಬಿಳಿ ಮೇಣದಂಥ ಒಂದು ವಸ್ತು ಸಿಕ್ಕಿತು. ಬೆಂಕಿಯಿಲ್ಲದೆ ಬೆಳಕು ಕೊಡುವ ವಸ್ತುವಿಗೆ ಬೆಳಕು ತರುವವನ ಹೆಸರೇ ನಿಂತಿತು. ಇವತ್ತು ಡಿಎಪಿ ಗೊಬ್ಬರದ ಚೀಲದ ಮೇಲೆ 18:46 ಅಂತ ಇರುತ್ತದಲ್ಲ, ಆ 46 ಫಾಸ್ಫೇಟಿನ ಪಾಲು. ಬೆಂಕಿಪೊಟ್ಟಣದ ಪಕ್ಕದಲ್ಲಿ ಕಡ್ಡಿ ಗೀರುವ ಪಟ್ಟಿಯಲ್ಲಿರುವುದು ಕೆಂಪು ಫಾಸ್ಫರಸ್. ಅಲ್ಲಿ ಮಾತ್ರ ಅದು ಇನ್ನೂ ಹೆಸರಿಗೆ ತಕ್ಕಂತೆ ಬೆಳಕು ತರುತ್ತಿದೆ.

ಇದೇ ಬೇರಿನ ಇನ್ನೊಂದು ಪದ ನಮ್ಮ ಹೊಲಗಳಿಗೆ ತೀರ ಇತ್ತೀಚೆಗೆ ಬಂತು. ಫೆರೊಮೋನ್. ಕಲಬುರಗಿ ಕಡೆ ತೊಗರಿ ಬೆಳೆಯುವವರು ಕಾಯಿಕೊರಕದ ಪತಂಗ ಹಿಡಿಯಲು ಮೋಹಕ ಬಲೆ ಕಟ್ಟುತ್ತಾರೆ. ತೆಂಗಿನ ತೋಟದಲ್ಲಿ ಕೆಂಪು ಮೂತಿ ಹುಳುವಿಗೂ ಇಂಥ ಬಲೆ ಇಡುತ್ತಾರೆ. ಬಲೆಯೊಳಗಿನ ವಾಸನೆಗೆ ಹುಳು ತಾನಾಗೇ ಬಂದು ಬೀಳುತ್ತದೆ. 1959ರಲ್ಲಿ ಪೀಟರ್ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲ್ಯೂಷರ್ ಎಂಬ ಇಬ್ಬರು ವಿಜ್ಞಾನಿಗಳು ಫೆರೊ ಮತ್ತು ಹಾರ್ಮೋನ್ ಎರಡನ್ನೂ ಬೆಸೆದು ಈ ಪದ ಕಟ್ಟಿದರು. ಹಾರ್ಮೋನ್ ಕೂಡ ಗ್ರೀಕ್ ಪದವೇ, ಕೆರಳಿಸುವುದು ಅಂತ ಅರ್ಥ. ಹಾರ್ಮೋನ್ ಮೈಯೊಳಗೇ ಓಡಾಡುತ್ತದೆ. ಫೆರೊಮೋನ್ ಕೆರಳಿಕೆಯನ್ನು ಒಂದು ಮೈಯಿಂದ ಇನ್ನೊಂದು ಮೈಗೆ ಹೊತ್ತೊಯ್ಯುತ್ತದೆ.

ಅದೇ 1959ರಲ್ಲಿ ಮೊದಲ ಬಾರಿಗೆ ಒಂದು ಫೆರೊಮೋನನ್ನು ಬೇರ್ಪಡಿಸಿ ಅದರ ರಚನೆಯನ್ನು ತೋರಿಸಿದವರು ಜರ್ಮನಿಯ ಅಡಾಲ್ಫ್ ಬುಟೆನಾಂಟ್. ಯಾವ ಹುಳುವಿನಿಂದ ಗೊತ್ತೇ? ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ತಟ್ಟೆಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಮೇಯುತ್ತ ಬೆಳೆಯುವ ಅದೇ ರೇಷ್ಮೆಹುಳುವಿನಿಂದ. ಹೆಣ್ಣು ಪತಂಗ ಗೂಡಿನಿಂದ ಹೊರಬಂದು ಕೂತಲ್ಲೇ ಕೂತು ಒಂದು ವಾಸನೆ ಬಿಡುತ್ತದೆ. ಗಂಡು ಪತಂಗ ರೆಕ್ಕೆ ಪಟಪಟ ಬಡಿಯುತ್ತ ಹುಡುಕಿಕೊಂಡು ಬರುತ್ತದೆ. ಆ ವಾಸನೆಯ ಕೆಲವೇ ಮಿಲಿಗ್ರಾಂ ಪಡೆಯಲು ಬುಟೆನಾಂಟ್ ತಂಡಕ್ಕೆ ಸುಮಾರು 5 ಲಕ್ಷ ಹೆಣ್ಣು ಪತಂಗಗಳು ಬೇಕಾದವು.

ಸೆಮಾಫೋರ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಸೇಮ ಅಂದರೆ ಗುರುತು. ಗುರುತು ಹೊತ್ತು ನಿಂತದ್ದು ಸೆಮಾಫೋರ್. ಹಳೆಯ ರೈಲು ನಿಲ್ದಾಣಗಳಲ್ಲಿ ಎತ್ತರದ ಕಂಬಕ್ಕೆ ಒಂದು ಕೆಂಪು ಕೈ ಇರುತ್ತಿತ್ತು. ಕೈ ಅಡ್ಡ ಇದ್ದರೆ ಗಾಡಿ ನಿಲ್ಲಬೇಕು, ಕೈ ಕೆಳಗಿಳಿದರೆ ಹೋಗಬಹುದು. ದಾರಿ ತೋರಿಸುವ ಕಂಬಕ್ಕೆ ನಮ್ಮವರು ಕೈಮರ, ಕೈಕಂಬ ಅನ್ನುತ್ತಾರೆ. ಆ ಹೆಸರಿನ ಊರುಗಳೇ ಇವೆ. ಕಂಬಕ್ಕೆ ಕೈ ಕಂಡವರು ನಾವು, ಹೆಗಲು ಕಂಡವರು ಗ್ರೀಕ್ ಪದ ಕಟ್ಟಿದವರು. 1960ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಈ ಹೆಸರನ್ನು ಕಂಪ್ಯೂಟರಿಗೆ ತಂದರು. ಒಂದೇ ಹಳಿ ಮೇಲೆ ಎರಡು ಗಾಡಿ ಬರದಂತೆ ತಡೆಯುವ ಉಪಾಯವನ್ನು ಪ್ರೋಗ್ರಾಂಗಳಿಗೂ ಹಾಕಿದರು.

ಗ್ರೀಕರ ಎಣ್ಣೆ, ದ್ರಾಕ್ಷಾರಸದ ಮಡಕೆಗೆ ಆಂಫೊರ ಅಂತ ಹೆಸರು. ಆಂಫಿ ಅಂದರೆ ಎರಡೂ ಕಡೆ. ಎರಡೂ ಕಡೆ ಹಿಡಿಯಿಟ್ಟು ಹೊರುವಂಥದ್ದು. ಉದ್ದ ಕತ್ತು, ಚೂಪು ತಳ. ಹಡಗಿನಲ್ಲಿ ಸಾಲಾಗಿ ಜೋಡಿಸಿ ಸಮುದ್ರ ದಾಟಿಸುತ್ತಿದ್ದರು. ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಇವುಗಳ ಚೂರುಗಳು ಸಿಕ್ಕವು. ಅಂದರೆ ವಸ್ತು ನಮ್ಮ ಕರಾವಳಿಗೆ ಸುಮಾರು 2000 ವರ್ಷಗಳ ಹಿಂದೆಯೇ ಬಂದಿತ್ತು. ಲ್ಯಾಟಿನ್‌ನಲ್ಲಿ ಇದರ ಪುಟ್ಟ ರೂಪ ಆಂಪುಲ್ಲ, ಪುಟ್ಟ ಆಂಫೊರ. ಅದೇ ಇವತ್ತಿನ ಆಂಪೂಲ್. ಆಸ್ಪತ್ರೆಯಲ್ಲಿ ನರ್ಸ್ ಕತ್ತು ಮುರಿದು ಸಿರಿಂಜಿಗೆ ಔಷಧಿ ಎಳೆದುಕೊಳ್ಳುವ ಗಾಜಿನ ಪುಟ್ಟ ಬುಡ್ಡಿ. ಹಿಡಿಗಳು ಹೋದವು. ಕತ್ತು ಉಳಿಯಿತು.

ಈ ಬಳಗದಲ್ಲಿ ನನ್ನನ್ನು ಜಾಸ್ತಿ ಹೊತ್ತು ಕೂರಿಸಿದ ಪದ ಪ್ಯಾರಾಫರ್ನೇಲಿಯಾ. ಇಂಗ್ಲಿಷಿನಲ್ಲಿ ಈಗ ಇದರ ಅರ್ಥ ಸಾಮಾನು ಸರಂಜಾಮು. ಕ್ರಿಕೆಟ್ ಕಿಟ್ಟಿನೊಳಗಿನ ಎಲ್ಲವೂ ಪ್ಯಾರಾಫರ್ನೇಲಿಯಾ, ಅಡುಗೆಯವರು ಮದುವೆ ಮನೆಗೆ ತರುವ ಹಂಡೆ ಕೊಪ್ಪರಿಗೆಗಳೂ ಪ್ಯಾರಾಫರ್ನೇಲಿಯಾ. ಆದರೆ ಪದದ ಒಳಗೆ ಒಬ್ಬ ಹೆಣ್ಣುಮಗಳು ಇದ್ದಾಳೆ.

ಫೆರೊ ಬೇರಿನಿಂದ ಗ್ರೀಕಿನಲ್ಲಿ ‘ಫೆರ್ನೆ’ ಎಂಬ ಪದ ಆಯಿತು. ಮದುವೆಯಲ್ಲಿ ಹೆಣ್ಣು ತಂದದ್ದು, ಅಂದರೆ ವರದಕ್ಷಿಣೆ. ಅದು ಗಂಡನ ಕೈಗೆ ಹೋಗುತ್ತಿತ್ತು. ‘ಪಾರ’ ಅಂದರೆ ಪಕ್ಕದಲ್ಲಿ, ಆಚೆಗೆ. ವರದಕ್ಷಿಣೆಯ ಆಚೆಗೆ ಅವಳು ತಂದುಕೊಂಡದ್ದು ‘ಪಾರಾಫೆರ್ನ’. ಅದು ಅವಳದೇ. ರೋಮನ್ನರ ಕಾನೂನು ಇದನ್ನು ಒಪ್ಪಿತ್ತು. ಇಂಗ್ಲೆಂಡಿಗೆ ಬರುವಷ್ಟರಲ್ಲಿ ಈ ಹಕ್ಕು ತುಂಬ ಸಣ್ಣದಾಯಿತು. ಅಲ್ಲಿ ಮದುವೆಯಾದ ಹೆಣ್ಣಿನ ಚರಾಸ್ತಿಯೆಲ್ಲ ಗಂಡನದು. ಅವಳ ಬಟ್ಟೆ, ಒಡವೆಗಳನ್ನು ಮಾತ್ರ ಗಂಡ ತನ್ನ ಉಯಿಲಿನಲ್ಲಿ ಬೇರೆಯವರಿಗೆ ಬರೆದುಕೊಡುವಂತಿರಲಿಲ್ಲ. ಅಷ್ಟಕ್ಕೆ ಪ್ಯಾರಾಫರ್ನೇಲಿಯಾ ಎಂಬ ಹೆಸರು. ಮದುವೆಯಾದ ಹೆಂಗಸು ತನ್ನ ಆಸ್ತಿಯನ್ನು ತಾನೇ ಇಟ್ಟುಕೊಳ್ಳಬಹುದು ಅಂತ ಇಂಗ್ಲೆಂಡಿನಲ್ಲಿ ಪೂರ್ತಿ ಕಾನೂನು ಬಂದದ್ದು 1882ರಲ್ಲಿ. ಅಷ್ಟರಲ್ಲಿ ಪದ ಹಕ್ಕಿನ ಅರ್ಥ ಕಳೆದುಕೊಂಡು ಬರೀ ಸಾಮಾನು ಸರಂಜಾಮು ಆಗಿತ್ತು.

ಓದುತ್ತಿದ್ದಂತೆ ನಿಮಗೂ ಹೊಳೆದಿರಬೇಕು. ಇದಕ್ಕೆ ನಮ್ಮಲ್ಲಿ ಒಂದು ಹೆಸರಿದೆ, ಸ್ತ್ರೀಧನ. ತವರಿನವರು ಕೊಟ್ಟದ್ದು, ಅಣ್ಣತಮ್ಮಂದಿರು ಕೊಟ್ಟದ್ದು, ಮದುವೆ ಹೊತ್ತಿನಲ್ಲಿ ಬಂದದ್ದು ಅಂತ ಹಳೆಯ ಸ್ಮೃತಿಗಳು ಇದಕ್ಕೆ ಪಟ್ಟಿ ಕೊಟ್ಟವು. ಪಟ್ಟಿಯಲ್ಲಿ ಇಲ್ಲದ್ದು? ಅದು ಅವಳದೋ ಅಲ್ಲವೋ ಎಂಬ ಚರ್ಚೆ ಬಂತು. ಈ ಚರ್ಚೆಯಲ್ಲಿ ದೊಡ್ಡ ಮಾತು ಹೇಳಿದವನು ವಿಜ್ಞಾನೇಶ್ವರ. ಕಲ್ಯಾಣದಲ್ಲಿ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದವನು. ಅವನ ವಾದ ಪೂರ್ತಿಯಾಗಿ ಪದದ ಬೇರಿನ ಮೇಲೆ ನಿಂತಿದೆ. ಸ್ತ್ರೀಧನ ಎಂಬುದು ಶಾಸ್ತ್ರದವರು ತಮ್ಮ ಕೆಲಸಕ್ಕೆ ಮಾಡಿಕೊಂಡ ಪಾರಿಭಾಷಿಕ ಪದವಲ್ಲ, ಯೌಗಿಕ ಪದ ಅಂದ. ಅಂದರೆ ತುಂಡುಗಳನ್ನು ಕೂಡಿಸಿದರೆ ಬರುವ ಅರ್ಥವೇ ಅದರ ಅರ್ಥ. ಸ್ತ್ರೀ, ಧನ. ಹೆಣ್ಣಿನದು ಯಾವುದೋ ಅದೆಲ್ಲ ಸ್ತ್ರೀಧನ. ಪಿತ್ರಾರ್ಜಿತವಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಬಂದದ್ದು, ಎಲ್ಲವನ್ನೂ ಅವನು ಒಳಗೆ ಸೇರಿಸಿದ.

ಪದವನ್ನು ಬಿಡಿಸಿ ನೋಡುವುದು ಬರೀ ಪಂಡಿತರ ಆಟ ಅಂತ ಯಾರಾದರೂ ಹೇಳಿದರೆ ನಾನು ವಿಜ್ಞಾನೇಶ್ವರನನ್ನು ತೋರಿಸುತ್ತೇನೆ. ಒಂದು ಪದದ ಎರಡು ತುಂಡುಗಳ ಮೇಲೆ ಅವನು ಹೆಣ್ಣಿನ ಆಸ್ತಿಯನ್ನು ನಿಲ್ಲಿಸಿದ. ಬ್ರಿಟಿಷರ ಕಾಲದ ನ್ಯಾಯಾಲಯಗಳು ಈ ವಿಶಾಲ ಅರ್ಥವನ್ನು ಪೂರ್ತಿ ಒಪ್ಪಲಿಲ್ಲ. ಹಿಂದೂ ಹೆಣ್ಣಿಗೆ ಬಂದ ಆಸ್ತಿ ಪೂರ್ತಿ ಅವಳದೇ ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳಿದ್ದು 1956ರಲ್ಲಿ.

ಉಳಿದ ಪದಗಳನ್ನು ಬೇಗ ನೋಡಿಬಿಡೋಣ. ಯೂಫೋರಿಯಾ. ‘ಎವ್’ ಅಂದರೆ ಚೆನ್ನಾಗಿ. ಚೆನ್ನಾಗಿ ಹೊರುವುದು, ಚೆನ್ನಾಗಿ ತಾಳಿಕೊಳ್ಳುವುದು. ಇದು ಮೊದಲು ವೈದ್ಯರ ಮಾತಾಗಿತ್ತು. ಔಷಧಿ ಹಿಡಿದು ರೋಗಿಗೆ ಹಾಯೆನಿಸಿದರೆ ಅದು ಯೂಫೋರಿಯಾ. ಈಗ ಮ್ಯಾಚ್ ಗೆದ್ದ ರಾತ್ರಿಯ ಕುಣಿದಾಟಕ್ಕೆ ಈ ಹೆಸರು. ಇದಕ್ಕೆ ಎದುರು ಡಿಸ್ಫೋರಿಯಾ, ಹೊರಲಾರದ ಸ್ಥಿತಿ. ಪೆರಿಫೆರಿ ಅಂದರೆ ಸುತ್ತಲೂ ಹೊತ್ತೊಯ್ದದ್ದು, ವೃತ್ತದ ಸುತ್ತಿನ ಗೆರೆ. ಲ್ಯಾಟಿನ್‌ನವರು ಇದನ್ನೂ ಹಾಗೇ ಅನುವಾದಿಸಿದರು, ಗಣಿತದಲ್ಲಿ ಓದಿದ ಸರ್ಕಮ್‌ಫರೆನ್ಸ್ ಅದೇ. ಗ್ರೀಕಿನ ಪೆರಿ ನಮ್ಮ ಪರಿಸರ, ಪರಿಕ್ರಮಗಳ ಪರಿಯ ಬಂಧು. ಪೆರಿಫೆರಲ್ ರಿಂಗ್ ರೋಡ್ ಎಂಬ ಹೆಸರನ್ನು ಬೆಂಗಳೂರಿನವರು ವರ್ಷಗಳಿಂದ ಕೇಳಿದ್ದಾರೆ. ಪೆರಿಫೆರಲ್ ಅಂದರೂ ಸುತ್ತು, ರಿಂಗ್ ಅಂದರೂ ಸುತ್ತು.

ಕ್ರಿಸ್ಟೋಫರ್ ಎಂಬ ಹೆಸರೂ ಇಲ್ಲಿಯದೇ. ಕ್ರಿಸ್ತನನ್ನು ಹೊತ್ತವನು. ಹೊಳೆ ದಾಟಿಸುವ ಕೆಲಸದ ಒಬ್ಬ ದೈತ್ಯದೇಹದವನು ಒಂದು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗಿಳಿದನಂತೆ. ನಡುಹೊಳೆಯಲ್ಲಿ ಮಗುವಿನ ಭಾರ ತಡೆಯಲಾರದಷ್ಟು ಆಯಿತಂತೆ. ಆ ಮಗು ಕ್ರಿಸ್ತ. ನಮಗೆ ಬುಟ್ಟಿ ಹೊತ್ತು ಯಮುನೆ ದಾಟಿದ ವಸುದೇವ ನೆನಪಾಗದೆ ಇರುವುದಿಲ್ಲ. ಅಮೆರಿಕಕ್ಕೆ ಹೋದ ಕೊಲಂಬಸ್ ತನ್ನ ಸಹಿಯಲ್ಲಿ ಈ ಹೆಸರನ್ನು ಬಿಡಿಸಿ ಬರೆಯುತ್ತಿದ್ದ. ಮೊದಲರ್ಧ ಗ್ರೀಕ್ ಅಕ್ಷರಗಳ ಗುರುತಿನಲ್ಲಿ ‘ಕ್ರಿಸ್ತೊ’, ಉಳಿದರ್ಧ ಲ್ಯಾಟಿನ್‌ನಲ್ಲಿ ‘ಫೆರೆನ್ಸ್’, ಹೊರುವವನು. ಫೊರೊಸ್ ಮತ್ತು ಫೆರೆನ್ಸ್ ಒಂದೇ ಅಂತ ಅವನಿಗೆ ಗೊತ್ತಿತ್ತು.

ಇಷ್ಟು ನೋಡಿದ ಮೇಲೆ ಎಲ್ಲೆಲ್ಲೂ ‘ಫೆರ್’ ಕಾಣಲು ಶುರುವಾಗುತ್ತದೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ನಾನೂ ಎಡವಿದ್ದೇನೆ. ಫೆರ್ರಿ ಅಂದರೆ ಜನರನ್ನು ಹೊತ್ತು ಹೊಳೆ ದಾಟಿಸುವ ದೋಣಿ. ಸದ್ದೂ ಸರಿ, ಅರ್ಥವೂ ಸರಿ. ಆದರೂ ಅದು ಈ ಬಳಗದ್ದಲ್ಲ. ಅದು ಇಂಗ್ಲಿಷಿನ ಸ್ವಂತ ಪದ, ಪ್ರಯಾಣಕ್ಕೆ ಹೇಳುವ ‘ಫೇರ್’ ಎಂಬುದರ ಬಂಧು. ಬಸ್ ಫೇರ್ ಅನ್ನುತ್ತೇವಲ್ಲ, ಅದು. ನಿಯಮ ನೆನಪಿದ್ದರೆ ಇದು ಮೊದಲೇ ಗೊತ್ತಾಗುತ್ತದೆ. ಇದೇ ಬೇರಿನಿಂದ ಬಂದ ಇಂಗ್ಲಿಷಿನ ಸ್ವಂತ ಪದವಾದರೆ ಬಕಾರ ಇರಬೇಕಿತ್ತು, ಫ ಹೇಗೆ ಬಂತು? ಅಟ್ಮಾಸ್ಫಿಯರ್‌ನ ಸ್ಫಿಯರ್ ಕೂಡ ಬೇರೆ, ಅದು ಚೆಂಡು. ನುಡಿಗಟ್ಟಿನಂಥ ಚಿಕ್ಕ ಮಾತಿಗೆ ಹೇಳುವ ಅಫೊರಿಸಂನಲ್ಲಿ ಫೊರ್ ಕೇಳಿಸುತ್ತದೆ, ಆದರೆ ಅದು ಎಲ್ಲೆ ಎಂಬ ಅರ್ಥದ ಬೇರಿನದು, ಹೊರೈಜ಼ನ್‌ನ ಬಂಧು. ರಕ್ತದಿಂದ ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಂಡು ಉಳಿದದ್ದನ್ನು ವಾಪಸ್ ಕೊಡುವ ಅಫೆರೆಸಿಸ್ ಕೂಡ ‘ತೆಗೆ’ ಎಂಬ ಬೇರೆ ಕ್ರಿಯಾಪದದ್ದು. ಅದೇ ಲ್ಯಾಬಿನ ಎಲೆಕ್ಟ್ರೊಫೊರೆಸಿಸ್ ಮಾತ್ರ ನಮ್ಮ ಫೆರೊದ್ದೇ, ವಿದ್ಯುತ್ತು ಕಣಗಳನ್ನು ಹೊತ್ತೊಯ್ಯುವುದು.

ಎಲ್ಲಕ್ಕಿಂತ ದೊಡ್ಡ ಎಡವುಗಲ್ಲು ನಮ್ಮ ಮನೆಯೊಳಗೇ ಇದೆ.

‘ಹೊರು’ ಎಂಬುದು ಹಳಗನ್ನಡದಲ್ಲಿ ಹೇಗಿತ್ತು? ಪೊಱು. ಹಾಲು ಪಾಲ್ ಆಗಿತ್ತು, ಹುಲಿ ಪುಲಿ ಆಗಿತ್ತು, ಹತ್ತು ಪತ್ತು ಆಗಿತ್ತು, ಹೆಸರು ಪೆಸರ್ ಆಗಿತ್ತು. ಹಾಗೇ ಹೊರು ಪೊಱು ಆಗಿತ್ತು. ಈಗ ಪಕ್ಕಪಕ್ಕ ಇಟ್ಟು ನೋಡಿ. ಗ್ರೀಕಿನಲ್ಲಿ ಹೊರುವುದಕ್ಕೆ ಫೊರ್. ಹಳಗನ್ನಡದಲ್ಲಿ ಹೊರುವುದಕ್ಕೆ ಪೊಱು. ಅರ್ಥ ಒಂದೇ, ಸದ್ದು ಹೆಚ್ಚುಕಡಿಮೆ ಒಂದೇ. ಗ್ರೀಕರು ನಮ್ಮಿಂದ ಪದ ಕದ್ದರು ಅಂತ ಹೇಳಿಬಿಡುವ ಆಸೆ ಯಾರಿಗೆ ಬರುವುದಿಲ್ಲ? ಮೊದಲು ಇದನ್ನು ಕಂಡಾಗ ನನಗೂ ಮೈ ಜುಮ್ಮೆಂದಿತ್ತು.

ಆದರೆ ನಿಯಮ ಕೇಳಬೇಕು. ಗ್ರೀಕಿನ ಫ ಮೂಲದಲ್ಲಿ ಭ. ಅದರ ಸಾಕ್ಷಿಗೆ ಸಂಸ್ಕೃತದ ಭರ, ಇಂಗ್ಲಿಷಿನ ಬೇರ್ ಇವೆ. ಪೊಱುವಿನ ಪ ಮೂಲದಲ್ಲೂ ಪ.

ಅದಕ್ಕೆ ಸಾಕ್ಷಿ ಗ್ರೀಸಿನಲ್ಲಿ ಹುಡುಕಬೇಕಿಲ್ಲ, ಪಕ್ಕದ ತಮಿಳಿನಲ್ಲಿದೆ. ಅಲ್ಲಿ ಇಂದಿಗೂ ಪೊಱು ಅಂದರೆ ತಾಳಿಕೊ, ಪೊಱುಮೈ ಅಂದರೆ ತಾಳ್ಮೆ. ಪಾಲ್, ಪುಲಿ, ಪತ್ತು ಎಲ್ಲವೂ ಅಲ್ಲಿ ಪಕಾರದಲ್ಲೇ ಇವೆ. ನಮ್ಮಲ್ಲಿ ಮಾತ್ರ ಪ ಹೋಗಿ ಹ ಆಯಿತು. ಸಾಲಾಗಿ ಆಯಿತು, ಗ್ರೀಕಿನಲ್ಲಿ ಭ ಹೋಗಿ ಫ ಆದಷ್ಟೇ ಕ್ರಮವಾಗಿ. ಇನ್ನು ಪದ ಒಂದನ್ನೇ ನೋಡಿದರೆ ಸಾಲದು, ಸುತ್ತಲಿನ ನಂಟರನ್ನೂ ನೋಡಬೇಕು. ಗ್ರೀಕಿನ ದುವೊ, ತ್ರೆಯಿಸ್ ಸಂಸ್ಕೃತದ ದ್ವಿ, ತ್ರಿ ಜೊತೆ ನಿಲ್ಲುತ್ತವೆ. ಕನ್ನಡದ ಎರಡು, ಮೂರು ತಮಿಳಿನ ಇರಂಡು, ಮೂನ್ಱು ಜೊತೆ ನಿಲ್ಲುತ್ತವೆ. ದಕ್ಷಿಣದ ಈ ಭಾಷೆಗಳದ್ದು ಬೇರೆಯೇ ಕುಟುಂಬ ಅಂತ ಮದರಾಸಿನಲ್ಲಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲೇ ಪದಗಳ ಪಟ್ಟಿ ಕೊಟ್ಟು ತೋರಿಸಿದ. 1856ರಲ್ಲಿ ಪಾದ್ರಿ ರಾಬರ್ಟ್ ಕಾಲ್ಡ್‌ವೆಲ್ ಅದನ್ನು ವಿಸ್ತಾರವಾಗಿ ಬರೆದ. ಪೊಱು ಮತ್ತು ಫೊರ್ ಹೋಲುವುದು ಆಕಸ್ಮಿಕ. ಸಾವಿರಾರು ಪದಗಳಿರುವ ಎರಡು ಭಾಷೆಗಳಲ್ಲಿ ಹೀಗೆ ಒಂದೆರಡು ಜೋಡಿ ಬಿದ್ದೇ ಬೀಳುತ್ತವೆ.

ನಾವು ‘ಭಾರ ಹೊತ್ತ’ ಅನ್ನುತ್ತೇವಲ್ಲ, ಆ ಎರಡು ಪದಗಳನ್ನು ಈಗ ಇನ್ನೊಮ್ಮೆ ನೋಡಿ. ಗ್ರೀಕಿನ ಫೊರೊಸ್ ಥರ ಕೇಳಿಸುವ ‘ಹೊರು’ ಅದಕ್ಕೆ ಏನೂ ಆಗಬೇಕಿಲ್ಲ. ಕಿವಿಗೆ ಅಷ್ಟು ದೂರ ಕೇಳಿಸುವ ‘ಭಾರ’ ಅದರ ಒಡಹುಟ್ಟು.